ಸಮುದ್ರ – 9

ಜನವರಿಯಲ್ಲಿ ಜಮೀನು ಅಳೆಸಿ ಪಾಲು ಬೇರೆ ಮಾಡಿಸುವ ಪೋಡಿ ಕೆಲಸಕ್ಕೆ ಹಳೆಯ ಪಹಣಿ ಬೇಕಾಗಿತ್ತು. ಅಪ್ಪ ಕಬ್ಬಿಣದ ಟ್ರಂಕ್ ಇಳಿಸು ಅಂದರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ, ಮಾದಾಪುರದ ಹತ್ತಿರದ ನಮ್ಮ ಮನೆಯಿಂದ ನಾವು ಜೀಪಿಗೆ ಹಾಕಿಕೊಂಡು ಹೋಗಿದ್ದು ಮೂರೇ ಸಾಮಾನು. ಗ್ಯಾಸ್ ಸಿಲಿಂಡರ್, ದೇವರ ಫೋಟೋ, ಆಮೇಲೆ ಈ ಟ್ರಂಕ್. ಆರು ತಿಂಗಳು ಕುಶಾಲನಗರದಲ್ಲಿ ಬಾಡಿಗೆಗೆ ಇದ್ದು ವಾಪಸು ಬಂದ ಮೇಲೂ ಅದನ್ನು ಯಾರೂ ಪೂರ್ತಿ ಬಿಚ್ಚಿ ನೋಡಿರಲಿಲ್ಲ. ಮೇಲಿನ ಕಾಗದ ತೆಗೆಯುವುದು, ಮುಚ್ಚುವುದು, ಅಷ್ಟೇ.

ಈ ಸಲ ತಳದವರೆಗೆ ಹುಡುಕಬೇಕಾಯಿತು. ಪಹಣಿ, ಕಂದಾಯದ ರಶೀದಿ, ಅಜ್ಜನ ಪೆನ್ಶನ್ ಪುಸ್ತಕ. ಎಲ್ಲದರ ಕೆಳಗೆ ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟ ಆಲ್ಬಮ್. ಕಪ್ಪು ಕಾಗದದ ಹಾಳೆಗಳು, ನಡುವೆ ಜೇಡರ ಬಲೆಯ ವಿನ್ಯಾಸದ ತೆಳು ಹಾಳೆ. ಬಿಚ್ಚಿದ ಕೂಡಲೇ ಹೊಗೆಯ ವಾಸನೆ ಬಂತು. ಅಡಿಗೆಮನೆಯ ಹೊಗೆ. ಅಜ್ಜಿ ತೀರಿಕೊಂಡು ಇಷ್ಟು ವರ್ಷವಾದ ಮೇಲೂ ಅವಳ ಒಲೆಯ ವಾಸನೆ ಅದರೊಳಗೆ ಉಳಿದಿತ್ತು.

ಈ ಫೋಟೋಗಳು ಉಳಿದಿದ್ದೇ ಆ ಹೊಗೆಯಿಂದ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಫೋಟೋದ ಮೇಲೆ ಜೆಲಟಿನ್ ಪದರ ಇರುತ್ತದಲ್ಲ, ಅದು ಬೂಷ್ಟಿಗೆ ಒಳ್ಳೆಯ ಊಟ. ನಮ್ಮ ಬಳಗದಲ್ಲಿ ಎಷ್ಟೋ ಮನೆಗಳ ಮದುವೆ ಫೋಟೋಗಳಲ್ಲಿ ಈಗ ಮುಖಗಳೇ ಇಲ್ಲ. ಆದರೆ ಈ ಟ್ರಂಕ್ 2018ರವರೆಗೂ ಒಲೆಯ ಮೇಲಿನ ಅಟ್ಟದಲ್ಲಿತ್ತು. ಏಲಕ್ಕಿ, ಬಿತ್ತನೆ ಭತ್ತ, ಉಪ್ಪಿನ ಮಡಕೆಯ ಜೊತೆಗೆ. ಕೆಳಗೆ ದಿನವಿಡೀ ಬೆಂಕಿ. ಹಾಗಾಗಿ ತೇವ ಅದರ ಹತ್ತಿರ ಸುಳಿಯಲಿಲ್ಲ.

ಆಲ್ಬಮ್‌ನ ಮೊದಲ ಹಾಳೆಗಳಲ್ಲಿ ನಮಗೆ ಗೊತ್ತಿದ್ದ ಚಿತ್ರಗಳೇ. ಯೂನಿಫಾರ್ಮಿನಲ್ಲಿ ಅಜ್ಜ. ಸ್ಟುಡಿಯೋದ ಪರದೆಯ ಮುಂದೆ ಬಿಗಿಯಾಗಿ ಕೂತ ಅಜ್ಜಿ. ಐದನೇ ಹಾಳೆ ಮಗುಚಿದಾಗ ನೀರು ಕಂಡಿತು.

ಬರೀ ನೀರು. ಸ್ವಲ್ಪ ಓರೆಯಾದ ದಿಗಂತ. ಚೌಕಾಕಾರದ ಸಣ್ಣ ಫೋಟೋ, ಅಂಚು ಅಲೆಅಲೆಯಾಗಿ ಕತ್ತರಿಸಿದ್ದು. ಅದರ ಕೆಳಗೆ ಕಪ್ಪು ಹಾಳೆಯ ಮೇಲೆ ಬಿಳಿ ಶಾಯಿಯಲ್ಲಿ ಅಜ್ಜನ ದುಂಡು ಅಕ್ಷರ: ‘ಸಮುದ್ರ – 1’. ಮುಂದಿನದು ‘ಸಮುದ್ರ – 2’. ಹೀಗೇ 12ರವರೆಗೆ. ಯಾವ ಸಮುದ್ರ, ಯಾವ ಊರು, ಯಾವ ವರ್ಷ, ಒಂದೂ ಇಲ್ಲ. ನೋಡಿದವರಿಗೆ ಗೊತ್ತಲ್ಲ, ಬರೆಯುವುದು ಯಾಕೆ ಅನ್ನಿಸಿರಬೇಕು ಅವರಿಗೆ.

ನಡುವೆ ಒಂದು ಜಾಗ ಖಾಲಿ ಇತ್ತು. ನಾಲ್ಕು ಮೂಲೆಗೆ ಅಂಟಿಸಿದ ಪುಟ್ಟ ತ್ರಿಕೋನಗಳು ಹಾಗೇ ಇವೆ. ಕೆಳಗೆ ‘ಸಮುದ್ರ – 9’ ಅಂತ ಬರೆದಿದೆ. ಫೋಟೋ ಇಲ್ಲ.

ನಾನು ಅಪ್ಪನನ್ನು ಕೇಳಿದೆ, “ಅಜ್ಜಿ ಸಮುದ್ರಕ್ಕೆ ಹೋಗಿದ್ಲಾ?”

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಅವ್ವ ಕಲ್ಕತ್ತಾ ನೋಡಿದ್ದಾಳೆ, ಅದು ಗೊತ್ತು. ಸಮುದ್ರದ ಸುದ್ದಿ ಯಾವತ್ತೂ ಹೇಳಿದ್ದಿಲ್ಲ,” ಅಂದರು. ಅಪ್ಪ ಹುಟ್ಟಿದ್ದು ಆಮೇಲೆ.

ನಮ್ಮ ಅಜ್ಜಿ ಅಂದರೆ ನನಗೆ ಗೊತ್ತಿರುವುದು ಗದ್ದೆ, ಹಟ್ಟಿ, ಕಾಫಿ ಕಣ. ಅಜ್ಜ 1974ರಲ್ಲಿ ತೀರಿಕೊಂಡರು. ಮೂರು ಮಕ್ಕಳು, ನಾಲ್ಕು ಎಕರೆ ತೋಟ, ಒಂದೂವರೆ ಎಕರೆ ಗದ್ದೆ. ಅಲ್ಲಿಂದ ಮುಂದೆ ಅಜ್ಜಿ ಮೈಸೂರು ದಾಟಿ ಹೋಗಲಿಲ್ಲ. ಹೆಚ್ಚು ಮಾತಿಲ್ಲ, ನಗು ಅದಕ್ಕಿಂತ ಕಡಿಮೆ. ಅವಳಿಗೂ ಸಮುದ್ರಕ್ಕೂ ಏನು ಸಂಬಂಧ? ನಮ್ಮ ಕಡೆ ಹಿಂದಿನವರಿಗೆ ಸಮುದ್ರ ಅಂದರೆ ಎರಡೇ, ಒಣಮೀನು ಮತ್ತು ಉಪ್ಪು. ಘಟ್ಟ ಇಳಿದರೆ ಮಂಗಳೂರು ಮಡಿಕೇರಿಯಿಂದ 140 ಕಿಲೋಮೀಟರ್ ಆಸುಪಾಸು. ಆದರೂ ಆಗ ಸುಮ್ನೆ ಸಮುದ್ರ ನೋಡಿ ಬರಲು ಅಂತ ಹೊರಡುವವರು ಎಷ್ಟು ಜನ ಇದ್ದರು?

ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಿ ಊರು ಹುಡುಕಲು ಕೂತೆವು. ಐದನೆಯದರಲ್ಲಿ ಬರಿಮೈಯ ಗಂಡಸೊಬ್ಬ ಅಜ್ಜಿಯ ಕೈ ಹಿಡಿದು ಅಲೆಯ ಕಡೆ ಕರೆದುಕೊಂಡು ಹೋಗುತ್ತಿದ್ದಾನೆ. ಅವನ ತಲೆಯ ಮೇಲೆ ಚೂಪಾದ ಬಿಳಿ ಟೋಪಿ, ಕಡಲೆಕಾಯಿ ಪೊಟ್ಟಣ ಬೋರಲು ಹಾಕಿದ ಹಾಗೆ. ಅಪ್ಪ ಅದನ್ನು ನೋಡಿ, “ಮುಟ್ಟಾಳೆ ಇದು. ಮಂಗಳೂರು ಕಡೆಯೇ ಇರಬೇಕು,” ಅಂದರು. ಅಡಕೆ ಹಾಳೆಯ ಮುಟ್ಟಾಳೆ ನಮಗೆ ಗೊತ್ತಿರುವುದೇ. ಆದರೆ ಅದು ಇಷ್ಟು ಎತ್ತರ ಇರುವುದಿಲ್ಲ, ಇಷ್ಟು ಅಗಲವೂ ಇಲ್ಲ.

ನಾಲ್ಕನೆಯದನ್ನು ಮೂಲೆಯಿಂದ ಬಿಡಿಸಿ ಹಿಂದೆ ನೋಡಿದರೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಕನ್ನಡದ ಹಾಗೇ ಇದೆ, ಕನ್ನಡ ಅಲ್ಲ. ತಲೆಕಟ್ಟು ಬೇರೆ, ಸರಿ ಗುರುತು ಹಾಕಿದ ಹಾಗೆ. ತೆಲುಗು. ಕನ್ನಡ ಬಲ್ಲವರು ತೆಲುಗನ್ನು ಹೇಗೋ ತಡವರಿಸಿ ಓದಬಹುದಲ್ವಾ. ಓದಿದೆವು: ಗೋಪಾಲಪುರಂ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲೇ ತೀರ್ಪು ಕೊಟ್ಟ. ಗೋಪಾಲಪುರಂ ಮದ್ರಾಸಿನಲ್ಲಿದೆ, ಹಾಗಾಗಿ ಇದು ಮರೀನಾ ಬೀಚ್. ಎರಡು ದಿನ ನಾವೂ ಅದನ್ನೇ ನಂಬಿದ್ದೆವು. ಆದರೆ 11ನೇ ಫೋಟೋದಲ್ಲಿ ಒಂದು ಲೈಟ್‌ಹೌಸ್ ಇದೆ, ದಡದ ಹತ್ತಿರವೇ, ಗುಂಡನೆಯ ಗೋಪುರ. ಮರೀನಾದಲ್ಲಿ ಈಗಿರುವ ಲೈಟ್‌ಹೌಸ್ ಶುರುವಾಗಿದ್ದೇ 1977ರಲ್ಲಿ, ಅದೂ ತ್ರಿಕೋನಾಕಾರದ್ದು. ಅದಕ್ಕೆ ಮೊದಲು ಮದ್ರಾಸಿನ ದೀಪ ಇದ್ದದ್ದು ಹೈಕೋರ್ಟ್ ಕಟ್ಟಡದ ಗುಮ್ಮಟದ ಮೇಲೆ. ಅಜ್ಜ ಹೋಗಿ ಮೂರು ವರ್ಷದ ಮೇಲೆ ಕಟ್ಟಿದ ಲೈಟ್‌ಹೌಸ್ ಅಜ್ಜನ ಆಲ್ಬಮ್‌ನಲ್ಲಿ ಹೇಗೆ ಬಂದೀತು?

ಊರು ಹೇಳಿದ್ದು ನಾವ್ಯಾರೂ ಅಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದ ಒಬ್ಬ ಹುಡುಗ.

ಈಗ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಯಲು ಅಸ್ಸಾಂ, ಬಂಗಾಳ, ಒಡಿಶಾ ಕಡೆಯವರು ಬರುತ್ತಾರೆ. ನಮ್ಮಲ್ಲೂ ಎರಡು ವರ್ಷದಿಂದ ಒಡಿಶಾದ ಒಂದು ಕುಟುಂಬ ಇದೆ. ಗಂಡನಿಗೆ ಇಪ್ಪತ್ತೈದಿರಬಹುದು. ಅವತ್ತು ನಾನು ಫೋಟೋಗಳನ್ನು ಜಗಲಿಯ ನೆರಳಿನಲ್ಲಿ ಗಾಳಿಗೆ ಇಟ್ಟಿದ್ದೆ. ಅವನು ಕಣದಲ್ಲಿ ಕಾಫಿ ಕೆದಕುತ್ತಿದ್ದವನು ನೀರು ಕುಡಿಯಲು ಬಂದ. ಚೊಂಬು ಕೈಯಲ್ಲಿ ಹಾಗೇ ಹಿಡಿದು ಬಗ್ಗಿ ನೋಡಿದ.

“ಅಕ್ಕಾ, ಯೇ ತೋ ಗೋಪಾಲ್‌ಪುರ್ ಹೈ!”

ಆಮೇಲೆ ಅವನಿಗೆ ಗೊತ್ತಿದ್ದ ಕನ್ನಡದಲ್ಲಿ, “ನಮ್ಮ ಊರು ಹತ್ರ. ಬಸ್ಸಲ್ಲಿ ಅರ್ಧ ಗಂಟೆ,” ಅಂದ. ಟೋಪಿಯವನ ಮೇಲೆ ಬೆರಳಿಟ್ಟು “ನೋಳಿಯಾ” ಅಂದ. ಹೇಳುವಾಗ ಅವನ ಮುಖ ನೋಡಬೇಕಿತ್ತು. ಎರಡು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಒಡಿಶಾದ ಗಂಜಾಂ ಜಿಲ್ಲೆ. ಅಲ್ಲಿ ಬ್ರಹ್ಮಪುರ ಅಂತ ದೊಡ್ಡ ಊರು, ಹಿಂದೆ ಬರ್ಹಾಂಪುರ ಅನ್ನುತ್ತಿದ್ದರು. ಹೌರಾ–ಮದ್ರಾಸ್ ರೈಲು ಹಾದಿಯಲ್ಲೇ ಸಿಗುತ್ತದೆ. ಅಲ್ಲಿಂದ ಸುಮಾರು 16 ಕಿಲೋಮೀಟರ್ ಹೋದರೆ ಬಂಗಾಳ ಕೊಲ್ಲಿಯ ದಡದಲ್ಲಿ ಗೋಪಾಲ್‌ಪುರ. ಗಂಜಾಂ 1936ರವರೆಗೆ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಆಮೇಲೆ ಒಡಿಶಾಕ್ಕೆ ಸೇರಿತು. ದಡದ ಬೆಸ್ತರು ಇವತ್ತಿಗೂ ಹೆಚ್ಚಾಗಿ ತೆಲುಗರು. ಫೋಟೋದ ಬೆನ್ನಿಗೆ ತೆಲುಗು ಬಂದ ಗುಟ್ಟು ಅಲ್ಲಿಗೆ ಬಿಡಿಸಿತು.

ಬ್ರಿಟಿಷರ ಕಾಲದಲ್ಲಿ ಅದಕ್ಕೆ ‘ಗೋಪಾಲ್‌ಪುರ್-ಆನ್-ಸೀ’ ಅಂತ ಹೆಸರು. ಕಲ್ಕತ್ತಾದ ಸಾಹೇಬರು ಬೇಸಗೆಯಲ್ಲಿ ಬೆಟ್ಟಕ್ಕೆ ಹೋದ ಹಾಗೆ ಸಮುದ್ರದ ಗಾಳಿಗೆ ಅಲ್ಲಿಗೆ ಬರುತ್ತಿದ್ದರು. ಮೂರನೇ ಫೋಟೋದಲ್ಲಿ ಅಜ್ಜ, ಅಜ್ಜಿಯ ಹಿಂದೆ ಕಮಾನಿನ ಜಗಲಿಯ ಉದ್ದನೆಯ ತಗ್ಗು ಕಟ್ಟಡ ಕಾಣುತ್ತದೆ. ಅದು ಪಾಮ್ ಬೀಚ್ ಹೋಟೆಲ್ ಅಂತ ನನ್ನ ಅಂದಾಜು. 1914ರಲ್ಲಿ ಇಟಲಿಯವರೊಬ್ಬರು ಶುರು ಮಾಡಿದ್ದು, ಆಮೇಲೆ ಒಬೆರಾಯ್ ಅವರ ಕೈಗೆ ಬಂತು. ಅಜ್ಜ ಅಜ್ಜಿ ಅಲ್ಲಿ ಉಳಿದಿರಲಿಲ್ಲ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಜ್ಜನ ಷೂ ಹೊಳೆಯುತ್ತಿದೆ, ಮರಳಿನಲ್ಲೂ.

ಬರೀ ಮೋಜಿನ ಊರೂ ಅಲ್ಲ ಅದು. ಗಂಜಾಂನ ಬಡವರು ಗೋಪಾಲ್‌ಪುರದಿಂದಲೇ ಹಡಗು ಹತ್ತಿ ರಂಗೂನಿಗೆ ಕೂಲಿಗೆ ಹೋಗುತ್ತಿದ್ದರು. ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ, ದೂರದಲ್ಲೇ ಲಂಗರು. ಅಲೆಯ ಹೊಡೆತ ದಾಟಿ ಜನರನ್ನು, ಮೂಟೆಗಳನ್ನು ಅಲ್ಲಿಗೆ ಒಯ್ಯುವುದು ಮಸೂಲ ದೋಣಿಗಳ ಕೆಲಸ. ಆ ದೋಣಿಗೆ ಮೊಳೆಯೇ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಮೊಳೆ ಹೊಡೆದ ಗಟ್ಟಿ ದೋಣಿಯಾದರೆ ಅಲೆ ಎತ್ತಿ ಕುಕ್ಕಿದಾಗ ಸೀಳಿಬಿಡುತ್ತದೆ. ಹೊಲಿದದ್ದು ಬಾಗುತ್ತದೆ, ಒಡೆಯುವುದಿಲ್ಲ. ನಮ್ಮ ಎರಡನೇ ಫೋಟೋದಲ್ಲಿ ಅಂಥದ್ದೇ ಒಂದು ಮರಳಿನ ಮೇಲೆ ಓರೆಯಾಗಿ ಮಲಗಿದೆ. ಭೂತಗನ್ನಡಿ ಹಿಡಿದರೆ ಹೊಲಿಗೆ ಕಾಣುತ್ತದೆ, ಗೋಣಿಚೀಲದ ಬಾಯಿ ಹೊಲಿದ ಹಾಗೆ ದಪ್ಪ ದಪ್ಪ ಹೆಣಿಗೆ.

1942ರಲ್ಲಿ ಜಪಾನಿನವರು ಬರ್ಮಾ ಹಿಡಿದ ಮೇಲೆ ಆ ದಾರಿ ಮುಚ್ಚಿತು. ನಮ್ಮ ಹುಡುಗನ ಮುತ್ತಜ್ಜ ರಂಗೂನಿಗೆ ಹೋದವನಂತೆ. ಅಪ್ಪ ಸೂರತ್‌ನ ಮಗ್ಗಗಳಿಗೆ. ಗಂಜಾಂನಿಂದ ಸೂರತ್‌ಗೆ ಹೋದವರು ಲಕ್ಷಗಟ್ಟಲೆ. ಇವನು ಇಲ್ಲಿಗೆ, ನಮ್ಮ ಕಣಕ್ಕೆ. ಇದನ್ನೆಲ್ಲ ಅವನು ದುಃಖದಿಂದೇನೂ ಹೇಳಲಿಲ್ಲ. ಆದರೆ ನನಗೆ ಅವತ್ತು ಅವನು ಕೆದಕಿದ ಕಾಫಿ ನೋಡಿದಾಗ ಮನಸ್ಸು ಭಾರವಾಯಿತು. ನಮ್ಮ ಮನೆಯ ಹೆಣ್ಣುಮಗಳು ಕೈ ಬೀಸಿಕೊಂಡು ತಿರುಗಾಡಿ ಬಂದ ಊರನ್ನು ಅವನು ಹೊಟ್ಟೆಪಾಡಿಗೆ ಬಿಟ್ಟು ಬಂದಿದ್ದಾನೆ.

ಇನ್ನುಳಿದದ್ದು ಗೊತ್ತಾಗಬೇಕಾದರೆ ಅತ್ತೆಯನ್ನೇ ಕೇಳಬೇಕಿತ್ತು. ಅಪ್ಪನ ಅಕ್ಕ, ಮಡಿಕೇರಿಯಲ್ಲಿದ್ದಾರೆ. ಆರನೇ ಫೋಟೋದಲ್ಲಿ ಮರಳು ಕೆದಕುತ್ತ ಕೂತ ಜುಟ್ಟಿನ ಮಗು ಅವರೇ.

ಅಲ್ಲಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಇತ್ತು. 7 ಮತ್ತು 8 ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಎರಡೂ ಹರಿಯುತ್ತವೆ. ಮಡಿಕೇರಿಯಲ್ಲಿ ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ದಾರಿ ಹೇಳಿದರು. ಹಳೆಯ ಕಪ್ಪು-ಬಿಳುಪು ಪ್ರಿಂಟ್ ತಯಾರಾಗುವುದೇ ನೀರಿನಲ್ಲಿ, ಬೂಷ್ಟು ಹಿಡಿದಿರದಿದ್ದರೆ ಮತ್ತೆ ನೀರಿಗೆ ಹಾಕಬಹುದು. ಆದರೆ ಬಿಸಿನೀರು ಬೇಡ, ಉಗುರು ಹಾಕಬೇಡ, ಅವಸರ ಬೇಡ. ಮೊದಲು ಎರಡರ ಬೆನ್ನನ್ನೂ ನೋಡಿ, ಶಾಯಿಯಲ್ಲಿ ಬರೆದಿದ್ದರೆ ಕೈ ಹಾಕಲೇಬೇಡ.

ಬೆನ್ನಿನ ಮೇಲೆ ಏನೂ ಇರಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ಡಿಸ್ಟಿಲ್ಡ್ ವಾಟರ್ ಸುರಿದು ಜೋಡಿಯನ್ನು ಇಳಿಬಿಟ್ಟೆ. ಪಕ್ಕದಲ್ಲೇ ಕೂತೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ನೀರು ಸ್ವಲ್ಪ ಕಂದಾಯಿತು, ಹೊಗೆಯ ಬಣ್ಣ. ಮುಕ್ಕಾಲು ಗಂಟೆಗೆ ಒಂದು ಮೂಲೆ ತಾನಾಗಿ ಎದ್ದಿತು. ನಾನು ಉಸಿರು ಬಿಗಿಹಿಡಿದು ತಟ್ಟೆಯನ್ನು ಒಂಚೂರು ಅಲುಗಾಡಿಸಿದೆ. ಮೇಲಿನದು ನಿಧಾನವಾಗಿ ಜಾರಿತು. ಅದು 7, ಪ್ಯಾಂಟ್ ಮಡಿಸಿ ನಿಂತ ಅಜ್ಜ. ಕೆಳಗಿನದು ನೀರಿನೊಳಗಿಂದ ನನ್ನನ್ನು ನೋಡಿತು.

ಅದು 8. ಅಜ್ಜಿ. ಮೊಣಕಾಲುದ್ದ ನೀರಿನಲ್ಲಿ ಒಬ್ಬಳೇ ನಿಂತಿದ್ದಾಳೆ. ಸೀರೆಯನ್ನು ನಾಟಿ ಗದ್ದೆಗೆ ಇಳಿಯುವಾಗ ಕಟ್ಟುವ ಹಾಗೆ ಎತ್ತಿ ಸಿಕ್ಕಿಸಿದ್ದಾಳೆ. ಎರಡೂ ತೋಳು ಅಗಲಿಸಿದ್ದಾಳೆ, ಬೀಳದಿರಲು ಇರಬೇಕು. ಕಾಲಿನ ಸುತ್ತ ನೊರೆ. ಗಾಳಿಗೆ ಮುಡಿ ಬಿಚ್ಚಿ ಅರ್ಧ ಮುಖ ಮುಚ್ಚಿದೆ. ಕಣ್ಣು ಕ್ಯಾಮೆರಾ ಮೇಲಿಲ್ಲ, ತನ್ನ ಪಾದದ ಮೇಲಿದೆ. ಫೋಟೋದ ಕಪ್ಪು ಭಾಗಗಳಲ್ಲಿ ಬೆಳ್ಳಿ ಮೇಲೆದ್ದು ನೀಲಿಯಾಗಿ ಮಿಂಚುತ್ತಿತ್ತು. ಹಳೆಯ ಪ್ರಿಂಟುಗಳಲ್ಲಿ ಹೀಗಾಗುತ್ತದೆ. ಅದು ದೋಷ ಅಂತ ಗೊತ್ತು. ಆದರೆ ತಟ್ಟೆಯ ನೀರಿನಲ್ಲಿ ಅದು ಥೇಟ್ ಬಿಸಿಲಿಗೆ ಹೊಳೆಯುವ ಸಮುದ್ರದ ಹಾಗೆ ಕಾಣುತ್ತಿತ್ತು.

ಅವಳ ಪಾದ ನೋಡಿದ ಕೂಡಲೇ ನನಗೆ ಒಂದು ಮಾತು ನೆನಪಾಯಿತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮಂಗಳೂರಿಗೆ, ಪಣಂಬೂರು ಬೀಚಿಗೆ ಟೂರ್ ಕರೆದುಕೊಂಡು ಹೋಗಿದ್ದರು. ಹೊರಡುವ ದಿನ ಬೆಳಗಿನ ಜಾವ ಅಜ್ಜಿ ಒಲೆ ಮುಂದೆ ಕೂತು ನನಗೆ ಬುತ್ತಿ ಕಟ್ಟುತ್ತಿದ್ದಳು. ಅಕ್ಕಿರೊಟ್ಟಿ, ಬೆಲ್ಲ. ಕಟ್ಟುತ್ತಲೇ ಹೇಳಿದಳು: “ಅಲೆ ಬರುವಾಗ ಅದಕ್ಕೆ ಬೆನ್ನು ಹಾಕಬೇಡ. ಬರುವ ಅಲೆಗೆ ಹೆದರಬೇಕಾಗಿಲ್ಲ. ವಾಪಸು ಹೋಗುವಾಗ ಕಾಲಡಿಯ ಮರಳನ್ನು ಕಿತ್ತುಕೊಂಡು ಹೋಗ್ತದೆ. ಆಗ ಹೆಬ್ಬೆರಳು ಊರಿ ನಿಲ್ಲು. ಮೊಣಕಾಲು ಸ್ವಲ್ಪ ಬಗ್ಗಿಸು.”

ನಾನು ಹೂಂ ಅಂದೆ. ಬೀಚಿನಲ್ಲಿ ಹಾಗೇ ಮಾಡಿದೆ. ನನ್ನ ಜೊತೆಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ನಾನು ಬೀಳಲಿಲ್ಲ. ಬಂದು ಅಜ್ಜಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆದರೆ ಬೆಟ್ಟದ ಮೇಲೆ ಹುಟ್ಟಿ ಬೆಟ್ಟದ ಮೇಲೇ ಬದುಕಿದವಳಿಗೆ ಅಲೆ ವಾಪಸು ಹೋಗುವಾಗ ಮರಳು ಏನು ಮಾಡುತ್ತದೆ ಅಂತ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ಅವತ್ತೂ ಇಲ್ಲ, ಅವಳಿದ್ದ ಅಷ್ಟು ವರ್ಷದಲ್ಲಿ ಯಾವತ್ತೂ ಇಲ್ಲ. ಒಂದು ಮಾತು ಕೇಳಿದ್ದರೆ ಅವಳು ಹೇಳಿರುತ್ತಿದ್ದಳು ಅಂತ ಈಗ ಅನ್ನಿಸುತ್ತದೆ. ಹೇಳಲು ದಾರಿ ಸಿಗಲಿ ಅಂತಲೇ ಆ ಮಾತು ಆಡಿದ್ದಳೋ ಏನೋ. ನೀರಿನಲ್ಲಿದ್ದ ಫೋಟೋ ತೆಗೆದು ಬ್ಲಾಟಿಂಗ್ ಪೇಪರ್ ಮೇಲೆ ಮಲಗಿಸುವಾಗ ನನ್ನ ಕೈ ನಡುಗುತ್ತಿತ್ತು.

ಆ ಭಾನುವಾರ ಅತ್ತೆಯ ಮನೆಗೆ ಹೋದೆ. ಹುಡುಗನನ್ನೂ, ಅವನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವರಿಗೂ ರಜೆ.

ಅತ್ತೆ ಫೋಟೋಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡರು. ಮಾತಿಲ್ಲ. ನಾಲ್ಕನೆಯದು ಬಂದಾಗ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಒಂದು ರೇಷ್ಮೆ ಸೀರೆ. ಕುಂಕುಮದ ಬಣ್ಣ, ಅಂಚಿನ ಉದ್ದಕ್ಕೂ ಗುಡಿಯ ಗೋಪುರದಂಥ ಮೊನೆಗಳ ಸಾಲು. ಅಜ್ಜಿ ಮದುವೆಮುಂಜಿಗೆ ಉಡುತ್ತಿದ್ದ ಸೀರೆ. ಅದು ಕಂಚಿಯದ್ದು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಹುಡುಗನ ಹೆಂಡತಿ ಅಂಚನ್ನು ಬೆರಳಲ್ಲಿ ಮುಟ್ಟಿ, “ಬ್ರಹ್ಮಪುರಿ ಪಾಟ,” ಅಂದಳು, ಮೆಲ್ಲಗೆ. ಅವಳ ಮದುವೆಗೂ ಅದೇ ಥರದ ಸೀರೆಯಂತೆ. ನಾಲ್ಕನೇ ಫೋಟೋದಲ್ಲಿ ಅಜ್ಜಿ ಉಟ್ಟಿರುವುದು ಅದನ್ನೇ. ಕಪ್ಪು-ಬಿಳುಪಿನಲ್ಲಿ ಬೂದಿಯಾಗಿ ಕಾಣುತ್ತಿದ್ದ ಅಂಚಿಗೆ ಅಲ್ಲಿ, ಆ ಮಂಚದ ಮೇಲೆ, ಬಣ್ಣ ಬಂತು.

ಅತ್ತೆ ಹೇಳಿದ್ದು ಇಷ್ಟು. ಅಜ್ಜ ಕಲ್ಕತ್ತಾದಲ್ಲಿದ್ದಾಗ ಒಂದು ವರ್ಷ ಅಜ್ಜಿ, ಅತ್ತೆ ಇಬ್ಬರೂ ಅಲ್ಲಿದ್ದರು. ಅಜ್ಜನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಊರು ಬ್ರಹ್ಮಪುರ, ತೆಲುಗಿನವರು. ಅವರ ತಂಗಿಯ ಮದುವೆಗೆ ಕರೆದಿದ್ದರು. ಊರಿಗೆ ವಾಪಸು ಬರುವ ರೈಲೂ ಅದೇ ದಾರಿಯಲ್ಲಿ ಬರುತ್ತದಲ್ಲ, ಇಳಿದರು. ಮದುವೆ ಮುಗಿಸಿ ಸಮುದ್ರದ ಹತ್ತಿರ ನಾಲ್ಕು ದಿನ. ಕ್ಯಾಮೆರಾ ಆ ಸ್ನೇಹಿತರದ್ದು. ಆಮೇಲೆ ಪ್ರಿಂಟ್ ಮಾಡಿಸಿ ಅಂಚೆಯಲ್ಲಿ ಕಳಿಸಿದವರೂ ಅವರೇ. ಅತ್ತೆ ಒಂದನೇ ಕ್ಲಾಸಿಗೆ ಸೇರುವ ಮೊದಲು, ಅಂದರೆ 1968ರ ಆರಂಭ ಇರಬೇಕು.

ಟೋಪಿಯವನನ್ನು ಕಂಡು ಅತ್ತೆಯ ಮುಖ ಅರಳಿತು. “ಇವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ!” ನೋಳಿಯಾಗಳು ಅಲ್ಲಿನ ಬೆಸ್ತರು. ಸಮುದ್ರ ಗೊತ್ತಿಲ್ಲದವರನ್ನು ಕೈ ಹಿಡಿದು ಅಲೆಗೆ ಇಳಿಸುವುದು, ಎಳೆದುಕೊಂಡು ಹೋದರೆ ಹಾರಿ ಹಿಡಿಯುವುದು ಅವರ ಇನ್ನೊಂದು ಕಸುಬು. ಪುರಿಯಲ್ಲೂ ಇದ್ದಾರೆ. ಆ ಬಿಳಿ ಟೋಪಿಯೇ ಅವರ ಗುರುತು. ಅಜ್ಜಿಗೆ ಹೆಬ್ಬೆರಳು ಊರಲು ಹೇಳಿಕೊಟ್ಟವನು ಅವನೇ ಇರಬೇಕು. ಅವನು ತೆಲುಗಿನಲ್ಲಿ ಹೇಳಿದ್ದು ಅಜ್ಜಿಗೆ ಎಷ್ಟು ತಿಳಿಯಿತೋ. ಅಂತೂ ಪಾಠ ನನ್ನವರೆಗೆ ಬಂತು.

ಅತ್ತೆ ಮತ್ತು ಹುಡುಗ ಬಹಳ ಹೊತ್ತು ಮಾತಾಡಿದರು. ಅತ್ತೆಗೆ ಹಿಂದಿ ಬರುತ್ತದೆ. 2013ರ ಅಕ್ಟೋಬರ್ 12ರಂದು ಫಾಯ್ಲಿನ್ ಚಂಡಮಾರುತ ದಡಕ್ಕೆ ಅಪ್ಪಳಿಸಿದ್ದು ಗೋಪಾಲ್‌ಪುರದ ಹತ್ತಿರವೇ. ಆಗ ಇವನು ಸಣ್ಣವನು. ಹಿಂದಿನ ದಿನವೇ ಊರನ್ನೆಲ್ಲ ಶಾಲೆಯೊಳಗೆ ಸೇರಿಸಿದ್ದರಂತೆ. ಒಡಿಶಾದಲ್ಲಿ ಆ ಸಲ ಸುಮಾರು 10 ಲಕ್ಷ ಜನರನ್ನು ಹಾಗೆ ಮೊದಲೇ ಸ್ಥಳಾಂತರ ಮಾಡಿದ್ದರು. ಬೆಳಿಗ್ಗೆ ಬಂದು ನೋಡಿದರೆ ಮನೆಗೆ ಮಾಡು ಇರಲಿಲ್ಲ, ತೆಂಗಿನ ಮರಗಳಿಗೆ ತಲೆ ಇರಲಿಲ್ಲ. ಅತ್ತೆ ನಮ್ಮ 2018ರ ಕಥೆ ಹೇಳಿದರು. ಗುಡ್ಡ ಬರುವ ಮೊದಲು ಕೇಳಿದ ಸದ್ದು, ತೋಡಿನ ನೀರು ಕೆಂಪಾದದ್ದು. ಅವನು ತಲೆಯಾಡಿಸುತ್ತ ಕೇಳಿದ. ಗುಡ್ಡ ನಡೆದು ಬರುತ್ತದೆ ಅನ್ನುವುದನ್ನು ಅವನಿಗೆ ನಂಬಲು ಕಷ್ಟವಾಯಿತು. ನಮಗೆ ಸಮುದ್ರ ಮನೆಯೊಳಗೆ ಬರುವುದನ್ನು ನಂಬಲು ಎಷ್ಟು ಕಷ್ಟವೋ ಅಷ್ಟೇ.

ಕಡೆಗೆ ನಾನು ಖಾಲಿ ಜಾಗ ತೋರಿಸಿದೆ. “ಅತ್ತೆ, ಈ 9 ಏನಾಯ್ತು? ನಿಮ್ಮ ಹತ್ರ ಇದೆಯಾ?”

“ಇಲ್ಲ ಕೂಸೇ. ಅಪ್ಪ ಹೋದ ಮೇಲೆ ಅವ್ವ ಅದನ್ನು ತೆಗೆದಳು. ದೇವರ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು ಅಂತ ನೆನಪು. ಆಮೇಲೆ ನಾನು ನೋಡಲಿಲ್ಲ.”

“ಅದರಲ್ಲಿ ಏನಿತ್ತು?”

ಅತ್ತೆ ಸೀರೆ ಮಡಿಸುವುದನ್ನು ನಿಲ್ಲಿಸಿದರು.

ಕೊಡಗಿನ ಮನೆಗಳಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತೀರ್ಥ ತಂದಿಟ್ಟುಕೊಳ್ಳುತ್ತೇವೆ. ವರ್ಷವಿಡೀ ದೇವರ ಮುಂದೆ ಇರುತ್ತದೆ. ಅಜ್ಜಿ ಕಲ್ಕತ್ತಾಗೆ ಹೋಗುವಾಗಲೂ ಒಂದು ಸಣ್ಣ ಬಾಟಲಿಯಲ್ಲಿ ತೀರ್ಥ ಒಯ್ದಿದ್ದಳಂತೆ. ಗೋಪಾಲ್‌ಪುರದ ಕಡೆಯ ದಿನ ಬೆಳಿಗ್ಗೆ ಆ ಬಾಟಲಿ ಹಿಡಿದು ಸಮುದ್ರಕ್ಕೆ ಹೋದಳು. ಇದು ಯಾವ ಸಮುದ್ರ ಅಂತ ಅಜ್ಜನನ್ನು ಕೇಳಿದ್ದಳು. ನಮ್ಮ ಕಾವೇರಿ ಹೋಗಿ ಸೇರುವುದೂ ಇದಕ್ಕೇ, ಇನ್ನೂ ದಕ್ಷಿಣಕ್ಕೆ, ಪೂಂಪುಹಾರ್ ಹತ್ತಿರ, ಅಂತ ಅಜ್ಜ ಹೇಳಿದ್ದರು.

ನಮ್ಮ ಮನೆ ಹಿಂದಿನ ತೋಡು ಮಾದಾಪುರ ಹೊಳೆಗೆ ಹೋಗುತ್ತದೆ. ಆ ಹೊಳೆ ಹಾರಂಗಿಗೆ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ. ಪಶ್ಚಿಮದ ಸಮುದ್ರ ಇಷ್ಟು ಹತ್ತಿರ ಇದ್ದರೂ ಅದಕ್ಕೆ ಬೆನ್ನು ಹಾಕಿ ನಮ್ಮ ನೀರು ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ನಡೆಯುತ್ತದೆ. ಬಟ್ಟೆ ಒಗೆದ ನೀರು, ನಾಟಿ ಗದ್ದೆಯಿಂದ ಬಿಟ್ಟ ನೀರು, ಎಲ್ಲ ಕೊನೆಗೆ ಬಂದು ಬೀಳುವುದು ಇಲ್ಲಿಗೆ ಅಂತ ಅಜ್ಜಿಗೆ ಅವತ್ತು ಗೊತ್ತಾಯಿತು.

“ಅವ್ವ ನೀರಿಗಿಳಿದು ಬಾಟಲಿ ಬಗ್ಗಿಸಿದಳು,” ಅತ್ತೆ ಹೇಳಿದರು. “ನಾನು ಪಕ್ಕದಲ್ಲೇ ಇದ್ದೆ, ಟೋಪಿಯವನು ನನ್ನ ಕೈ ಹಿಡಿದಿದ್ದ. ಹಿಂದಿನ ದಿನ ನಾನು ಸಮುದ್ರದ ನೀರು ಕುಡಿದು ಉಗಿದಿದ್ದೆ, ಉಪ್ಪು ಅಂತ ಅತ್ತಿದ್ದೆ. ಈಗ ಕಾವೇರಿ ಹಾಕಿದ್ದೇನೆ, ಈಗ ನೋಡು ಅಂದಳು ಅವ್ವ. ನಾನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ಇನ್ನೂ ಉಪ್ಪೇ ಇದೆ ಅವ್ವಾ ಅಂದೆ. ಅವಳು ನಕ್ಕಳು ನೋಡು. ಬಾಟಲಿ ಕೈಯಿಂದ ಬಿತ್ತು, ಅದು ತೇಲಿಕೊಂಡು ಹೋಗ್ತಾ ಇದ್ರೂ ನಗು ನಿಲ್ಲಲಿಲ್ಲ. ಸೀರೆಯೆಲ್ಲ ಒದ್ದೆ. ಆಗ ತೆಗೆದ ಫೋಟೋ ಅದು.”

ಆಲ್ಬಮ್‌ನ ಎಲ್ಲ ಫೋಟೋ ಈಗ ಸ್ಕ್ಯಾನ್ ಆಗಿವೆ. ಸಿಕ್ಕ ಹೆಸರುಗಳನ್ನು ಮೆತ್ತನೆ ಪೆನ್ಸಿಲಿನಲ್ಲಿ ಬೆನ್ನಿನ ಮೇಲೆ ಬರೆದಿದ್ದೇನೆ. ಅಜ್ಜನ ಸ್ನೇಹಿತರ ಹೆಸರು ಅತ್ತೆಗೆ ನೆನಪಿಲ್ಲ, ಟೋಪಿಯವನದ್ದು ಮೊದಲೇ ಗೊತ್ತಿರಲಿಲ್ಲ. ದೇವರ ಪುಸ್ತಕಗಳನ್ನು ಹಾಳೆ ಹಾಳೆ ತಿರುವಿದೆ, 9 ಸಿಗಲಿಲ್ಲ. ಮೆಣಸು ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ಹುಡುಗ ಊರಿಗೆ ಹೋದ. ಹೋಗುವಾಗ ಅತ್ತೆ ಅವನ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟರು. ವಾರದ ಮೇಲೆ ಅವನು ದಡದಿಂದಲೇ ವಿಡಿಯೋ ಕಾಲ್ ಮಾಡಿದ. ಗಾಳಿಯ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಲೈಟ್‌ಹೌಸ್ ತೋರಿಸಿದ, ಅಲೆ ತೋರಿಸಿದ, ಬಗ್ಗಿಸಿದ ಬಾಟಲಿ ತೋರಿಸಿದ. ಅತ್ತೆ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು ಜೋರಾಗಿ ಕೇಳಿದರು, “ನಮಕ್ ಹೈ ಕ್ಯಾ, ಅಭೀ ಭೀ?”

ಅವನು ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದ.